ಒಬ್ಬರೇ ತೊಡಲಾಗದ ಉಡುಗೆ

ಈಜುಡುಗೆಯೊಂದನ್ನು ರೇಷ್ಮೆ ಸೀರೆಯ ಹಾಗೆ ಜೋಪಾನ ಮಾಡಿದ ಹೆಣ್ಣುಮಗಳೊಬ್ಬಳ ಕಥೆ ಇದು... ಕೈಯಲ್ಲಿರುವ ಕೆಲಸ ಬದಿಗಿಟ್ಟು ನಿಧಾನವಾಗಿ ಓದಿ.

ಮೈಸೂರಿನ ವಾರಿಜಾ ಅವರಿಗೆ ಐವತ್ತೆಂಟು ವರ್ಷ. ಮಂಡಿ ನೋವಿಗೆ ಈಜುವುದು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು.

ಔಷಧಿ ಎಂದು ನೀರಿಗಿಳಿದವರು, ಛಲಕ್ಕೆ ಬಿದ್ದು ಹಿರಿಯರ ರಾಜ್ಯ ಮಟ್ಟದ ಈಜು ಸ್ಪರ್ಧೆಯವರೆಗೂ ಹೋದರು.

ನಾಲ್ಕು ವರ್ಷ... ಐವತ್ತು ಮೀಟರಿನಲ್ಲಿ ನಾಲ್ಕೂ ಸಲ ಬೆಳ್ಳಿ.

ನಾಲ್ಕೂ ಸಲ ಚಿನ್ನ ಗೆದ್ದವರು ಗೋಣಿಕೊಪ್ಪದ ದೇಚಮ್ಮ. ವಾರಿಜಾಗಿಂತ ಎರಡು ವರ್ಷ ಚಿಕ್ಕವರು.

ದೇಚಮ್ಮ ತೊಡುತ್ತಿದ್ದದ್ದು ಹೈಟೆಕ್ ಸೂಟು. ಭುಜದಿಂದ ಮಂಡಿಯವರೆಗೆ ಮೈಯನ್ನು ಬಿಗಿದು ಹಿಡಿಯುವ, ನೀರು ಅಂಟದೆ ಜಾರಿಹೋಗುವ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಉಡುಗೆ.

ಈ ವರ್ಷ ವಾರಿಜಾ ಕೂಡ ಅಂಥದ್ದೇ ತರಿಸಿದರು. ದೇವರ ಮುಂದೆ ಇಟ್ಟು, ಡಬ್ಬಿಗೆ ಕುಂಕುಮ ಹಚ್ಚಿ, ಈ ಸಲ ಚಿನ್ನ ತಂದೇ ತರುತ್ತೇನೆ ಎಂದು ಕೈಮುಗಿದರು.

ಆಮೇಲೆ ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟುಬಿಟ್ಟರು. ಒಂದು ದಿನವೂ ತೊಟ್ಟು ನೋಡಲಿಲ್ಲ. ಒಳ್ಳೆಯ ಬಟ್ಟೆ ಒಳ್ಳೆಯ ದಿನಕ್ಕೇ ಅಲ್ಲವೇ...

ತಪ್ಪಾದದ್ದು ಅಲ್ಲೇ.

ಸ್ಪರ್ಧೆಯ ದಿನ ಡ್ರೆಸ್ಸಿಂಗ್ ರೂಮಿನಲ್ಲಿ ಸೂಟು ಮಂಡಿಯ ಹತ್ತಿರ ಬಂದು ನಿಂತುಬಿಟ್ಟಿತು. ಎಷ್ಟು ಎಳೆದರೂ ಮೇಲೆ ಬಾರದು. ಉಳಿದಿದ್ದದ್ದು ಮುಕ್ಕಾಲು ಗಂಟೆ. ವಾರಿಜಾ ಕಣ್ಣಲ್ಲಿ ನೀರಾಡಿತು.

ಆಗ ಒಳಗೆ ಬಂದವರು ದೇಚಮ್ಮ. ಮೈಮೇಲೆ ಹಳೆಯ, ಬಣ್ಣ ಹೋದ, ಸಾದಾ ಈಜುಡುಗೆ.

"ಏನ್ರೀ ವಾರಿಜಾ ಅವ್ರೇ, ಚೂಡಿದಾರ ಅಂದ್ಕೊಂಡ್ರಾ? ಉಗುರು ತಾಗಿಸ್ಬೇಡಿ, ಹರಿದುಹೋಗತ್ತೆ. ಕೂತ್ಕೊಳ್ಳಿ."

ತಮ್ಮ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಸೂಟನ್ನು ಪೂರ್ತಿ ಇಳಿಸಿ, ವಾರಿಜಾ ಪಾದಕ್ಕೆ ಕವರ್ ತೊಡಿಸಿ ಮೊದಲಿನಿಂದ ಶುರು ಮಾಡಿದರು. ಬಟ್ಟೆ ಸರಾಗವಾಗಿ ಜಾರಿತು. ನೆಲದ ಮೇಲೆ ಮಂಡಿಯೂರಿ, ಬೆರಳ ತುದಿಯಲ್ಲಿ ಅಂಗುಲ ಅಂಗುಲವಾಗಿ ಮೇಲಕ್ಕೆ ತಂದರು.

ಇಪ್ಪತ್ತು ನಿಮಿಷ ಹಿಡಿಯಿತು. ಭುಜದ ಪಟ್ಟಿ ಸರಿಮಾಡಿ ಬೆನ್ನು ತಟ್ಟಿದಾಗ ದೇಚಮ್ಮನ ಹಣೆಯಲ್ಲಿ ಬೆವರು.

ತೆರೆದ ಬ್ಯಾಗಿನಲ್ಲಿ ಅವರ ಹೈಟೆಕ್ ಸೂಟು ಕಂಡಿತು. ಅದನ್ನೇಕೆ ತೊಟ್ಟಿಲ್ಲ ಎಂದು ವಾರಿಜಾ ಕೇಳಿದರು.

ದೇಚಮ್ಮ ಮುಖ ತಿರುಗಿಸಿ ತಲೆಯ ಟೋಪಿ ಸರಿಮಾಡಿಕೊಂಡರು.

"ಇಷ್ಟು ವರ್ಷ ನಮ್ಮಕ್ಕ ನಂಗೆ ಹಾಕ್ಕೊಡ್ತಿದ್ಲು... ಜೂನ್‌ನಲ್ಲಿ ಹೋಗ್ಬಿಟ್ಲು. ಇದು ಒಬ್ರೇ ಹಾಕ್ಕೊಳ್ಳೋ ಬಟ್ಟೆ ಅಲ್ಲ. ಯಾರನ್ನ ಅಂತ ಕೇಳ್ಲಿ? ಬಿಡಿ."

ವಾರಿಜಾ ಗೋಡೆಯ ಗಡಿಯಾರ ನೋಡಿದರು. ಇನ್ನೂ ಇಪ್ಪತ್ತೆರಡು ನಿಮಿಷ ಇತ್ತು.

ಸುಮ್ಮನೆ ಕುಳಿತರೆ ಸಾಕು. ನಾಲ್ಕು ವರ್ಷ ಕೈಗೆ ಸಿಗದ ಚಿನ್ನ ಇವತ್ತು ತಾನಾಗಿ ಬರುತ್ತದೆ. ಯಾರೂ ತಪ್ಪು ಎನ್ನುವುದಿಲ್ಲ. ಈ ಬಿಗಿ ಉಡುಗೆಯಲ್ಲಿ ನೆಲಕ್ಕೆ ಮಂಡಿಯೂರಿದರೆ ಕಾಲಿನ ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ...

ಕೇಳಿದ್ದನ್ನು ಭಗವಂತ ಒಮ್ಮೊಮ್ಮೆ ಕೈಗೇ ಕೊಟ್ಟು, ಏನು ಮಾಡುತ್ತೇವೆ ಎಂದು ನೋಡುತ್ತಾ ನಿಲ್ಲುತ್ತಾನೆ.

ವಾರಿಜಾ ಪ್ಲಾಸ್ಟಿಕ್ ಕವರ್ ಕೈಗೆತ್ತಿಕೊಂಡು ನೆಲಕ್ಕೆ ಇಳಿದರು.

"ಕಾಲು ಕೊಡಿ."

"ಅಯ್ಯೋ, ನಿಮ್ಮ ಮಂಡಿ..."

"ಮಂಡಿ ನಂದು. ನೀವು ಕಾಲು ಕೊಡಿ."

ಕೊನೆಯ ಪಟ್ಟಿ ಭುಜಕ್ಕೇರುವಾಗ ಮೈಕಿನಲ್ಲಿ ಇಬ್ಬರ ಹೆಸರೂ ಕೂಗಿ ಆಗಿತ್ತು. ಇಬ್ಬರೂ ಓಡಿದರು.

ನೀರಿನಲ್ಲಿ ಮಾತ್ರ ಯಾರೂ ಯಾರಿಗೂ ಬಿಟ್ಟುಕೊಡಲಿಲ್ಲ. ಅರ್ಧ ದಾರಿಯವರೆಗೆ ಸಮಸಮ. ಮಂಡಿ ಉರಿಯುತ್ತಿದ್ದರೂ ವಾರಿಜಾ ಕಾಲು ಬಡಿಯುವುದು ನಿಲ್ಲಿಸಲಿಲ್ಲ...

ಗೋಡೆಗೆ ಮೊದಲು ತಾಗಿದ್ದು ದೇಚಮ್ಮನ ಬೆರಳು. ನಡುವಿದ್ದ ಅಂತರ ಒಂದು ಗೇಣು.

ಐದನೆಯ ಬೆಳ್ಳಿ. ಆದರೆ ಬೋರ್ಡಿನಲ್ಲಿ ಬಂದ ಸಮಯ, ವಾರಿಜಾ ತಮ್ಮ ಜೀವನದಲ್ಲಿ ಈಜಿದ ಅತ್ಯಂತ ವೇಗದ ಸಮಯ.

ಒದ್ದೆಯಾದ ಸೂಟು ಬಿಚ್ಚುವುದು ತೊಡುವುದಕ್ಕಿಂತ ಕಷ್ಟ. ಮತ್ತೆ ಅದೇ ಬೆಂಚು. ವಾರಿಜಾ ಹಿಂದೆ ಕುಳಿತು ದೇಚಮ್ಮನ ಭುಜದ ಪಟ್ಟಿ ಸಡಿಲಿಸುತ್ತಾ ಹೇಳಿದರು:

"ಮುಂದಿನ ವರ್ಷ ನಿಮ್ಮನ್ನ ಬಿಡಲ್ಲ ನಾನು. ಹೇಳಿದೀನಿ."

ದೇಚಮ್ಮ ಟವೆಲಿನ ತುದಿಯಿಂದ ಕಣ್ಣು ಒರೆಸಿಕೊಂಡರು.

ತಿರುಗದೆಯೇ ಹೇಳಿದರು...

"ಬನ್ನಿ, ನೋಡೇಬಿಡೋಣ. ಆದ್ರೆ ಒಂದು ಗಂಟೆ ಮುಂಚೆ ಬನ್ನಿ... ಅಕ್ಕಾ."

*

ಸ್ಪರ್ಧೆ ನಮ್ಮೊಬ್ಬರದೇ ಇರಬಹುದು. ಅದಕ್ಕೆ ಸಜ್ಜಾಗಲು ಮಾತ್ರ ಇನ್ನೊಬ್ಬರ ಕೈ ಬೇಕು.

ಕೇಳಲು ಸಂಕೋಚಪಟ್ಟು ನಿಮ್ಮ ಪಕ್ಕದಲ್ಲೇ ಸುಮ್ಮನೆ ಕುಳಿತವರು ಯಾರಾದರೂ ಇದ್ದಾರೆಯೇ... ಒಮ್ಮೆ ತಿರುಗಿ ನೋಡಿದ್ದೀರಾ?