ಚದುರಿದ ಹಿಂಡು

ಕೂಗು ಮತ್ತೆ ಬಂತು. ಈ ಸಲ ಹಳೆಯ ಕಲ್ಲುಗಣಿಯ ಅಂಚಿನಿಂದ. ಹೋಬರ್ಟ್ ಎತ್ತಿದ ಕಾಲನ್ನು ಹಾಗೆಯೇ ಗಾಳಿಯಲ್ಲಿ ನಿಲ್ಲಿಸಿದ. ಹಿಂದೆ ಬರುತ್ತಿದ್ದ ಅಕ್ಕ ಡೆಲ್ಫಿಯಾ ಉಸಿರು ಹಿಡಿದಳು.

ಯಾಕ್, ಯಾಕ್, ಯಾಕ್. ಯಾಕೆ, ಯಾಕೆ ಎಂದು ಕಾಡನ್ನೇ ವಿಚಾರಣೆಗೆ ನಿಲ್ಲಿಸಿದಂತೆ. ಆಮೇಲೆ ಮೌನ. ಗಣಿಯ ಅಂಚಿನಾಚೆಗೆ ಅರವತ್ತು ಅಡಿ ಬರಿಯ ಗಾಳಿ, ಅದರ ಕೆಳಗೆ ಕಪ್ಪು ನೀರು.

ಅಕ್ಟೋಬರ್ ಮುಗಿಯುತ್ತಿತ್ತು. ಪಶ್ಚಿಮ ವರ್ಜೀನಿಯಾದ ಗುಡ್ಡಗಳಲ್ಲಿ ಕಾಡು ಟರ್ಕಿ ಕೋಳಿಗಳ ಬೇಟೆಯ ಕಾಲ. ಎಲೆ ಉದುರುವ ದಿನಗಳ ಈ ಬೇಟೆಗೆ ಒಂದು ಕ್ರಮವಿದೆ. ಮೊದಲು ಕಿರುಚುತ್ತಾ ಓಡಿ ಹಿಂಡನ್ನು ಚದುರಿಸಬೇಕು. ಆಮೇಲೆ ಮರಕ್ಕೆ ಬೆನ್ನು ಕೊಟ್ಟು ಕೂತು, ದಾರಿ ತಪ್ಪಿದ ಮರಿಯಂತೆ ಕೀ-ಕೀ ಎಂದು ಅಳಬೇಕು. ಮುದಿ ಹೇಂಟೆ ತಡೆಯಲಾರದೆ ಯಾಕ್ ಯಾಕ್ ಎನ್ನುತ್ತಾ ಹುಡುಕಿಕೊಂಡು ಬರುತ್ತದೆ. ಕೀ-ಕೀಯೇ ಈ ಬೇಟೆಯ ಕೀಲಿಕೈ. ಇನ್ನೊಂದು ನಿಯಮವೂ ಉಂಟು: ಕೂಗು ಬಂದ ಕಡೆಗೆ ಬಂದೂಕು ಹಿಡಿದು ನುಸುಳಬಾರದು. ಕೆಲವು ವರ್ಷ ಯಾರೋ ಒಬ್ಬರು ಅದನ್ನು ಮರೆಯುತ್ತಾರೆ. ಆ ವರ್ಷ ಚರ್ಚಿನ ಹಿಂದೆ ಒಂದು ಗುಂಡಿ ಹೆಚ್ಚಾಗುತ್ತದೆ.

ಚದುರಿಸುವ ಕೆಲಸ ಬೆಳಿಗ್ಗೆಯೇ ಆಗಿಹೋಗಿತ್ತು, ಅದೂ ಅವಸರದಲ್ಲಿ. ತಮ್ಮ ಅದನ್ನು ಮರೆಯದಂತೆ ಡೆಲ್ಫಿಯಾ ದಿನವಿಡೀ ನೋಡಿಕೊಂಡಿದ್ದಳು.

“ನೀನು ಗಂಟಲು ಹರಿಯೋ ಹಾಗೆ ಕೂಗಿಕೊಂಡು ಓಡದೇ ಇದ್ದಿದ್ರೆ ಅಂಗಳದಲ್ಲೇ ಕೈಗೆ ಸಿಕ್ಕಿರೋದು,” ಎಂದಳು ಈಗಲೂ, ಪಿಸುಮಾತಿನಲ್ಲಿ. “ಇವತ್ತು ಸಿಗದಿದ್ರೆ ನಾಳೆಗೆ ಏನೂ ಉಳಿದಿರೋದಿಲ್ಲ ಕಣೋ.”

ಸಂಜೆಗೆ ಹಿಮ ಬೀಳುತ್ತದೆಂದು ರೇಡಿಯೋ ಹೇಳಿತ್ತು. ಕೆಳಗೆ ಹಳ್ಳದ ದಾರಿಯಲ್ಲಿ ನೆರೆಯವರ ನಾಲ್ಕು ಗಾಡಿಗಳು ನಿಂತಿದ್ದವು. ಅವರೆಲ್ಲ ಆಚೆಯ ಗುಡ್ಡ ಹತ್ತಿದ್ದರು. ಅವನ ಬಂದೂಕು ಮನೆಯ ಗೋಡೆಯ ಮೇಲಿತ್ತು. ಹೆಗಲಲ್ಲಿ ಒಂದು ಕಂಬಳಿ. ಅಕ್ಕನ ಕೈಯಲ್ಲಿ ಕಾಫಿಯ ಫ್ಲಾಸ್ಕು. ಬೆಳಿಗ್ಗೆಯಿಂದ ಇಬ್ಬರೂ ಅದರ ಮುಚ್ಚಳ ತೆರೆದಿರಲಿಲ್ಲ.

ಆಗ ಅವರಿಗೆ ಬೇಟೆಗೆ ಬಂದಿದ್ದ ಪೇಟೆಯವನೊಬ್ಬ ಕಂಡ.

ಮೂವತ್ತರ ಗಂಡಸು. ಮಡಿಕೆ ಬಿಚ್ಚಿದ ಗುರುತೂ ಮಾಸದ ಎಲೆಬಣ್ಣದ ಅಂಗಿ. ನಲವತ್ತು ಹೆಜ್ಜೆ ಮುಂದೆ, ಓಕ್ ಮರದ ಮರೆಯಲ್ಲಿ ಒಂದು ಮಂಡಿಯೂರಿ ಕೂತಿದ್ದ. ಬಂದೂಕಿನ ಮೂತಿ ಗಣಿಯ ಅಂಚಿನ ಪೊದೆಯತ್ತ ನೆಟ್ಟಿತ್ತು. ಪೊದೆಯ ಹಿಂದೆ ಏನೋ ಕಂದುಬಣ್ಣದ್ದು ಅಲುಗಿತು. ಅವನ ಬೆರಳು ಬಂದೂಕಿನ ಕುದುರೆಗೆ ಸರಿಯಿತು.

ಕೂಗಿಬಿಡಬಹುದಿತ್ತು. ಆದರೆ ಕೂಗಿದರೆ ಏನಾಗುತ್ತದೆಂದು ಬೆಳಿಗ್ಗೆಯೇ ನೋಡಿಯಾಗಿತ್ತು. ಮತ್ತೆ ಬೆದರಿದರೆ ಹೋಗಲು ಉಳಿದಿದ್ದುದು ಒಂದೇ ದಿಕ್ಕು, ಕೆಳಗೆ. ಹೋಬರ್ಟ್ ನೆಟ್ಟಗೆ ಬಂದೂಕಿನ ಎದುರಿಗೇ ನಡೆದ, ತನ್ನ ಹೊಲದಲ್ಲಿ ನಡೆದಂತೆ. ಪೇಟೆಯವನು ಹೌಹಾರಿದ. ಹೋಬರ್ಟ್ ಬಂದೂಕಿನ ಬಾಯಿಯ ಮೇಲೆ ಅಂಗೈಯಿಟ್ಟ.

“ಏನ್ರೀ ಇದು,” ಎಂದು ಪೇಟೆಯವನು ಹಲ್ಲು ಕಚ್ಚಿ ಪಿಸುಗುಟ್ಟಿದ, “ಒಂದು ಗಂಟೆಯಿಂದ ನಾನು ಇದರ ಹಿಂದೆ ಬಿದ್ದಿದ್ದೀನಿ.”

“ನಾನು ಐವತ್ತೆರಡು ವರ್ಷದಿಂದ,” ಎಂದ ಹೋಬರ್ಟ್.

ಆಮೇಲೆ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದ. ಎರಡೇ ಮಾತು. ಪೇಟೆಯವನ ಮುಖದ ರಕ್ತ ಇಳಿದುಹೋಯಿತು. ತೋಟಾಗಳನ್ನು ಒಂದೊಂದಾಗಿ ತೆಗೆದು ಎಲೆಗಳ ಮೇಲಿಟ್ಟ. ಟೋಪಿ ತೆಗೆದ. ಅಲ್ಲೇ ಕೂತುಬಿಟ್ಟ.

ಬೆಳಕು ಜಾರುತ್ತಿತ್ತು. ಮೊದಲ ಹಿಮದ ಚೂರು ಹೋಬರ್ಟನ ಕೈಮೇಲೆ ಬಿತ್ತು. ಅವನು ಮರಕ್ಕೆ ಬೆನ್ನು ಕೊಟ್ಟು ಕೂತು, ತುಟಿ ಮಡಿಸಿ ಮರಿಯ ಕೂಗು ಕೂಗಿದ. ದನಿ ಒಡೆಯಿತು. ಪೊದೆಯ ಕಡೆಯಿಂದ ಉತ್ತರವಿಲ್ಲ. ಒಂದು ಕಲ್ಲು ಅಂಚಿನಿಂದ ಜಾರಿ, ತುಂಬ ಹೊತ್ತಿನ ಮೇಲೆ ನೀರಿಗೆ ಬಿದ್ದ ಸದ್ದು.

“ಇದು ಮರಿಯಲ್ಲ, ಎಣ್ಣೆ ಕಾಣದ ಗೇಟು,” ಎಂದು ಡೆಲ್ಫಿಯಾ ಅವನ ಪಕ್ಕಕ್ಕೆ ತೆವಳಿ ಬಂದಳು. ಅವಳ ಗಲ್ಲ ಒದ್ದೆಯಾಗಿತ್ತು. “ಅಳೋ ಹಾಗೆ ನಟಿಸಬೇಡ ಕಣೋ. ಅತ್ತುಬಿಡು.”

ಹೋಬರ್ಟ್ ಕಣ್ಣು ಮುಚ್ಚಿದ. ಈ ಸಲ ಹೊರಟ ಕೂಗಿನಲ್ಲಿ ತುಟಿಯ ಚಳಕವೇನೂ ಇರಲಿಲ್ಲ. ಕೀ, ಕೀ, ಕೀ. ಕತ್ತಲಾಗುವ ಮುಂಚೆ ಗುಂಪು ಸಿಗದ ಮರಿ ಹೇಗೆ ಅಳುತ್ತದೋ ಹಾಗೆ.

ಯಾಕ್, ಎಂದಿತು ಪೊದೆ. ಯಾಕ್, ಯಾಕ್. ಹತ್ತಿರದಿಂದ.

ಎಲೆಗಳು ಸದ್ದು ಮಾಡಿದವು. ಎರಡು ಹೆಜ್ಜೆ, ಒಂದು ನಿಲುಗಡೆ. ಮತ್ತೆರಡು ಹೆಜ್ಜೆ. ಒಣಗಿದ ಎಲೆಯ ಮೇಲೆ ಟರ್ಕಿಯ ನಡಿಗೆಗೂ ಮನುಷ್ಯನ ನಡಿಗೆಗೂ ವ್ಯತ್ಯಾಸ ತಿಳಿಯದು. ಪೇಟೆಯವನು ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ. ಡೆಲ್ಫಿಯಾ ತಮ್ಮನ ತೋಳು ಹಿಡಿದಳು. ಯಾರೂ ಅಲುಗಲಿಲ್ಲ. ಕೊಂಬೆಗಳು ಬೇರೆಯಾದವು.

ಕಂದು ರಾತ್ರಿಯುಡುಪು, ಬರಿಗಾಲು, ಬಿಳಿಗೂದಲ ತುಂಬ ಎಲೆ. ಮಕ್ಕಳಿಬ್ಬರಿಗೂ ಈ ಕೂಗುಗಳನ್ನು ಕಲಿಸಿದ್ದ, ಎಂಬತ್ತು ವರ್ಷದ ಅವರ ತಾಯಿ ನಡುಗುತ್ತಾ ಬಂದು ಹೋಬರ್ಟನ ಎದುರು ಕೂತು, ಅವನ ನರೆತ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಗುರುತು ಹತ್ತದ ಕಣ್ಣುಗಳಿಂದ ಬಹಳ ಹೊತ್ತು ನೋಡಿದಳು.

“ಅಳಬೇಡ ಕಂದಾ,” ಎಂದಳು, “ನಿಮ್ಮಮ್ಮ ಇಲ್ಲೇ ಎಲ್ಲೋ ಇರ್ತಾಳೆ, ಇಬ್ಬರೂ ಸೇರಿ ಹುಡುಕೋಣ.”