ನಾಯಿಯ ಪಾಲು

ವಿಜಯಶ್ರೀಯ ರೇಷ್ಮೆ ಸೀರೆಗಳ ಹಿಂದೆ ಒಣಖಂಡ ಇತ್ತು.

ಇಸ್ತ್ರಿಯಾದ ಸೀರೆಗಳನ್ನು ಕಪಾಟಿನಲ್ಲಿಡಲು ಹೋದ ಮನೆಗೆಲಸದ ಹೊನ್ನೂರಮ್ಮನಿಗೆ ಮೊದಲು ಸಿಕ್ಕಿದ್ದು ವಾಸನೆ. ಕೈ ಹಾಕಿದರೆ ಹೊಳೆಯುವ ಚೀಲ. ಬಾಯಿ ಬಿಚ್ಚಿ ನೋಡಿದಳು. ಉಪ್ಪು ಖಾರ ಹಚ್ಚಿ ಒಣಗಿಸಿದ ಕುರಿಮಾಂಸದ ತುಂಡುಗಳು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಚೀಲದ ಮೇಲಿನ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಆರುನೂರು ರೂಪಾಯಿ. ಒಂದು ಬೊಗಸೆ ಖಂಡಕ್ಕೆ!

ಬೆಲೆಗಿಂತ ದೊಡ್ಡ ಆಶ್ಚರ್ಯವೆಂದರೆ ಅದು ಇದ್ದ ಮನೆ. ಮಸ್ಕಿಯ ಈ ಮನೆಯಲ್ಲಿ ಲಿಂಗಪೂಜೆಯಾಗದೆ ಒಲೆ ಹೊತ್ತುವುದಿಲ್ಲ. ವಿಜಯಶ್ರೀಯ ಅತ್ತೆ ವೀರಭದ್ರಮ್ಮ, ಮೊಟ್ಟೆ ಹಾಕಿರುತ್ತಾರೆಂದು ಬೇಕರಿಯ ಕೇಕನ್ನೂ ಹೊಸ್ತಿಲು ದಾಟಲು ಬಿಡುವವಳಲ್ಲ. ಹಿತ್ತಲಲ್ಲಿ ಬಿದ್ದಿರುವ ಮುದಿ ನಾಯಿಗೂ ಹಾಲಿನಲ್ಲಿ ನೆನೆಸಿದ ರೊಟ್ಟಿಯೇ. ನೆನೆಸಿ ಹಾಕುವವಳು ಹೊನ್ನೂರಮ್ಮ. ಇಂಥ ಮನೆಯ ಸೊಸೆ ಖಂಡ ತಿನ್ನುತ್ತಾಳೆಯೇ? ಸದಾ ಲವಂಗ ಅಗಿಯುವ ಅವಳ ಬಾಯಿ ನೆನಪಾಗಿ ಹೊನ್ನೂರಮ್ಮನಿಗೆ ನಗು ಬಂತು. ತಿನ್ನಲಿ ಪಾಪ, ಅವರವರ ನಾಲಿಗೆ ಅವರವರದು ಎಂದುಕೊಂಡಳು.

ಚೀಲ ಮುಚ್ಚಬೇಕಿದ್ದ ಕೈ ಮಾತ್ರ ಅಲ್ಲೇ ನಿಂತಿತು. ಸಂತೆಕಲ್ಲೂರಿನ ತನ್ನ ಮನೆಯಲ್ಲಿ ಮಗಳು ಗಂಗಾದೇವಿ ಇದ್ದಳು. ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಬಂದವಳು. ಬಂದ ದಿನದಿಂದ ಒಂದೇ ಬಯಕೆ.

"ಯವ್ವಾ, ಒಣಖಂಡ ತಿನ್ನಂಗ ಆಗೈತಿ. ಒಂದ್ ತುಣುಕು ಸಿಕ್ರ ಸಾಕು."

ಬಸುರಿಯ ಬಯಕೆ ತೀರಿಸದವಳು ಎಂಥ ತಾಯಿ? ಆದರೆ ಹಸಿ ಖಂಡದ ಬೆಲೆಯೇ ಕೇಳುವಂತಿಲ್ಲ. ಇನ್ನು ಅದನ್ನು ಹಗ್ಗಕ್ಕೆ ಹಾಕಿ ಬಿಸಿಲಿಗಿಟ್ಟರೆ ಕಿಲೋ ಹೋಗಿ ಒಂದು ಹಿಡಿ ಉಳಿಯುತ್ತದೆ. "ನಾಳಿ ತರ್ತೀನಿ" ಎಂದು ಹೊನ್ನೂರಮ್ಮ ದಿನ ದೂಡುತ್ತಿದ್ದಳು.

ಅಂದು ಒಂದು ಹಿಡಿ ಅವಳ ಸೆರಗಿನ ಗಂಟು ಸೇರಿತು. ಆ ಮನೆಯಲ್ಲಿ ಅವಳು ಕೇಳದೆ ತೆಗೆದ ಮೊದಲ ವಸ್ತು ಅದು. ಊರು ಮುಟ್ಟುವವರೆಗೆ ಆಟೊದಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ಮಗಳು ಮಾತ್ರ ಕಣ್ಣರಳಿಸಿ ತಿಂದಳು, ಬೆರಳು ಚೀಪಿದಳು.

"ಎಲ್ಲಿಂದ ತಂದಿ ಬೇ?"

"ಅಕ್ಕಾರು ಕೊಟ್ರು."

ಹೀಗೆ ಕಳ್ಳತನದ ಬೆನ್ನಿಗೆ ಸುಳ್ಳೂ ಬಂತು. ಹೇಳಿಬಿಡುವುದೇ ಸರಿ ಎಂದು ಮನಸ್ಸು ಗಟ್ಟಿಮಾಡಿಕೊಂಡು ಮರುದಿನ ಕೆಲಸಕ್ಕೆ ಬಂದಳು. ವಿಜಯಶ್ರೀ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು.

"ಅಕ್ಕಾರ, ತಪ್ಪಾಗೈತ್ರಿ. ನಿಮ್ಮ ಕಪಾಟದಾಗಿನ ಖಂಡ ಒಂದ್ ಹಿಡಿ ಒಯ್ದೀನ್ರಿ. ಮಗಳು ಬಸರಿ ಅದಾಳ, ಬಯಕಿ ಆಗಿತ್ತು. ಪಗಾರದಾಗ ಮುರಕೊಳ್ರಿ."

ವಿಜಯಶ್ರೀಯ ಮುಖ ಬಿಳಿಚಿತು. ಅವಳಿಗೆ ಸಮಾಧಾನವಾಗಲೆಂದು ಹೊನ್ನೂರಮ್ಮ ಇನ್ನೊಂದು ಮಾತು ಸೇರಿಸಿದಳು. "ನೀವೇನ್ ಅಂಜಬ್ಯಾಡ್ರಿ. ನಾ ಯಾರ ಮುಂದೂ ಹೇಳಂಗಿಲ್ಲ."

"ಏನ್ ಹೇಳಂಗಿಲ್ಲ?"

ಬಾಗಿಲಲ್ಲಿ ವೀರಭದ್ರಮ್ಮ ನಿಂತಿದ್ದಳು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. "ಖಂಡ ಅಂದಂಗಾತಲ್ಲ? ಯಾರ ಕಪಾಟದಾಗ?"

ಸೊಸೆ ಅತ್ತೆಯನ್ನು ನೋಡಿದಳು. ಆಮೇಲೆ ಹೊನ್ನೂರಮ್ಮನನ್ನು ನೋಡಿದಳು.

"ಅದು ನಾಯಿಗಂತ ತರಿಸಿದ್ದರೀ ಅತ್ತಿ. ಮುದಿ ಆಗೈತಲ್ಲ, ತ್ರಾಣ ಬರ್ಲಿ ಅಂತ. ನಾಯಿಗೆ ಹಾಕೋ ಖಂಡ ಅದು. ಈಕಿ ಗೊತ್ತಿಲ್ದ ಒಯ್ದಾಳ."

ವೀರಭದ್ರಮ್ಮನಿಗೆ ಸಿಟ್ಟಿಗಿಂತ ಮೊದಲು ನಗು ಬಂತು. "ನಾಯಿ ತಿನ್ನೋದನ್ನ ಒಯ್ದು ಬಸರಿ ಮಗಳಿಗೆ ತಿನಿಸಿದೇನು, ಹೊನ್ನೂರಮ್ಮ? ನನ್ನ ಕೇಳಿದ್ರ ಎರಡು ರೊಟ್ಟಿ ನಾನಽ ಕೊಡ್ತಿದ್ನಲ್ಲ!" ನಗು ನಿಲ್ಲಿಸಿ ಸೊಸೆಯತ್ತ ತಿರುಗಿದಳು. "ನಾಯಿಗಾದ್ರೂ ಈ ಮನ್ಯಾಗ ಅದು ಬ್ಯಾಡ. ಈಗಿಂದೀಗ ತಿಪ್ಪಿಗಿ ಒಗಸು."

ಒಗೆದವಳೂ ಹೊನ್ನೂರಮ್ಮನೇ. ಹಿತ್ತಲ ಮೂಲೆಯ ತಿಪ್ಪೆಗೆ ಚೀಲ ಎಸೆದು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಕಳ್ಳಿ ಎಂದು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಬೈಸಿಕೊಳ್ಳಲೆಂದೇ ಬಂದಿದ್ದಳು. ಆದರೆ ಆ ನಗು! ಆರುನೂರು ರೂಪಾಯಿಯ ಖಂಡ, ಅದೂ ನಾಯಿಗೆ. ಅದರ ಎಂಜಲಿಗೆ ತನ್ನ ಮಗಳು ಬೆರಳು ಚೀಪಿದಳಲ್ಲ ಎಂದು ನಾಚಿಕೆಯಿಂದ ಮೈ ಹಿಡಿಯಾಯಿತು. ನಾಯಿಗೆಂದೇ ಮಾಡಿದ್ದರಲ್ಲಿ ಏನೇನು ಬೆರೆಸಿರುತ್ತಾರೋ, ಬಲ್ಲವರಾರು? ಹೊಟ್ಟೆಯೊಳಗಿನ ಕೂಸಿಗೆ ಏನಾದರೂ ಆದರೆ? ನಾಚಿಕೆ ತಲೆಗೇರಿದವರಿಗೆ ಕಣ್ಣೆದುರಿನದೂ ಕಾಣುವುದಿಲ್ಲ. ಹೊನ್ನೂರಮ್ಮ ಬಿದ್ದಿದ್ದ ನಾಯಿಯನ್ನು ದಾಟಿಕೊಂಡೇ ಹೊರಗೆ ಹೋದಳು.

ಸಂತೆಕಲ್ಲೂರಿನ ಆಟೊ ತುಂಬಿ ಹೊರಟಿತು. ಅವಳು ಹತ್ತಲಿಲ್ಲ. ಮಗಳ ಮುಖ ನೋಡುವ ಮೊದಲು ಒಂದು ಮಾತು ತಿಳಿಯಲೇಬೇಕಿತ್ತು. ಮಾನ ಹೋದದ್ದು ಹೋಯಿತು. ಬಸುರಿ ತಿಂದರೆ ಅಪಾಯವಿಲ್ಲವೇ ಎಂದು ವಿಜಯಶ್ರೀಯನ್ನೇ ಕೇಳುವುದು, ಹೇಳದಿದ್ದರೆ ಕಾಲು ಹಿಡಿಯುವುದು ಎಂದು ತಿರುಗಿ ನಡೆದಳು.

ಮತ್ತೆ ವೀರಭದ್ರಮ್ಮನ ಕಣ್ಣಿಗೆ ಬೀಳುವ ಧೈರ್ಯವಿರಲಿಲ್ಲ. ಹಿಂದಿನ ಓಣಿಯಿಂದ ಬಂದು ಹಿತ್ತಲ ಬಾಗಿಲು ಮೆಲ್ಲಗೆ ದೂಡಿದಳು. ಒಳಗೆ ವೀರಭದ್ರಮ್ಮ ಮತ್ತೆ ಪೂಜೆಗೆ ಕೂತ ಗಂಟೆಯ ಸದ್ದು ಕೇಳುತ್ತಿತ್ತು.

ತಿಪ್ಪೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ವಿಜಯಶ್ರೀ, ಚೀಲದಿಂದ ಒಂದೊಂದೇ ತುಂಡು ತೆಗೆದು, ಬೂದಿ ಕೊಡವಿ, ಗಬಗಬನೆ ತನ್ನ ಬಾಯಿಗಿಟ್ಟುಕೊಳ್ಳುತ್ತಿದ್ದಳು.