ಕ್ಲಬ್ಬಿಗೆ ಬಂದ ನೀಲವ್ವ

ಹಾಡು ಮನಸ್ಸಿಗೆ ತಾಕಿದರೆ ಕೇಳುವವರು ನೆಲ ಬಿಟ್ಟು ಮೇಲೇಳುತ್ತಾರಲ್ಲ, ಅದಕ್ಕೇ ಧಾರವಾಡದ ಆ ಪುಟ್ಟ ಕ್ಲಬ್ಬಿನ ಬಾಗಿಲಲ್ಲಿ ಎಲ್ಲರ ಸೊಂಟಕ್ಕೂ ಹಗ್ಗ ಕಟ್ಟುತ್ತಿದ್ದರು. ಗಾಯಕಿ ಶಾಂಭವಿಯ ಅಜ್ಜಿ ನೀಲವ್ವ ಮಾತ್ರ ಒಲ್ಲೆ ಅಂದಳು. ಶಿವನ ಭಜನೆ ಬಿಟ್ಟು ಬೇರೆ ಯಾವ ಹಾಡಿಗೂ ಆಕೆಯ ಹಿಮ್ಮಡಿ ಎದ್ದದ್ದಿಲ್ಲ.

"ನಿಮ್ಮ ಗಿಟಾರಿನ ಗದ್ದಲಕ್ಕ ನಾ ಏಳೂದಿಲ್ಲ ಬಿಡವಾ," ಎಂದು ಮೊಮ್ಮಗಳಿಗೆ ಹೇಳಿ ಕೂತಳು.

ಮೊದಲೆರಡು ಬ್ಯಾಂಡುಗಳಿಗೆ ಜನ ಮೊಣಕಾಲೆತ್ತರ ತೇಲಿದರು. ನೀಲವ್ವ ಕುರ್ಚಿಯಲ್ಲೇ ಇದ್ದಳು. ಆಮೇಲೆ ಶಾಂಭವಿ ವೇದಿಕೆಗೆ ಕೈಮುಗಿದು, ತಾನೇ ಕಟ್ಟಿದ ಹಾಡನ್ನು ಎತ್ತಿಕೊಂಡಳು. ಅಜ್ಜಿಯೊಬ್ಬಳು ಎದ್ದರೆ ಸಾಕಿತ್ತು ಅವಳಿಗೆ. ಕಣ್ಣು ಮುಚ್ಚಿ ಹಾಡಿದಳು. ಕಣ್ಣು ತೆರೆದರೆ ಅಜ್ಜಿಯ ಕುರ್ಚಿ ಖಾಲಿ. ಬೇಸರದಿಂದ ಮನೆಗೆ ಹೋದಳೇನೋ ಎಂದು ದನಿ ನಡುಗಿತು.

"ಹಾಡು ಬಿಡಬ್ಯಾಡವಾ," ಮಾಡಿನ ತೊಲೆ ತಬ್ಬಿಕೊಂಡ ನೀಲವ್ವ ಮೇಲಿನಿಂದ ಗದರಿದಳು, "ನಾ ಕೆಳಗ ಬಿದ್ದೇನು."